ಕಾರಿನಲ್ಲಿ ಮಗುವಿಗೆ ಮಡಿಲು ಸಾಕೇ?

ಇಳಕಲ್‌ನ ಒಂದು ಮದುವೆಗೆಂದು ಬಾಗಲಕೋಟೆಯಿಂದ ಸಂಬಂಧಿಕರ ಕಾರಿನಲ್ಲಿ ಹೊರಟಿದ್ದೆವು. ಮುಂದಿನ ಸೀಟಿನಲ್ಲಿ ತಾಯಿ, ಅವಳ ಮಡಿಲಲ್ಲಿ ಒಂದೂವರೆ ವರ್ಷದ ಮಗು. ಹುನಗುಂದ ದಾಟಿದ ಮೇಲೆ ಗ್ರಾನೈಟ್ ಕಲ್ಲು ಹೇರಿದ ಲಾರಿಯೊಂದು ಮುಂದೆ ಥಟ್ಟನೆ ನಿಂತಿತು. ನಮ್ಮವರು ಬ್ರೇಕ್ ಒತ್ತಿದರು. ಡಿಕ್ಕಿಯೇನೂ ಆಗಲಿಲ್ಲ. ಆದರೆ ಮಗು ತಾಯಿಯ ಕೈಜಾರಿ ಹೋಗಿ ಹಣೆ ಡ್ಯಾಶ್‌ಬೋರ್ಡಿಗೆ ಬಡಿಯಿತು. ಮದುವೆ ಮನೆಗೆ ಹೋಗಬೇಕಾದವರು ಆಸ್ಪತ್ರೆಗೆ ಹೋದೆವು. ಹಣೆಗೆ ನಾಲ್ಕು ಹೊಲಿಗೆ ಬಿತ್ತು. ಅಲ್‌ಹಮ್ದುಲಿಲ್ಲಾಹ್, ಅಷ್ಟರಲ್ಲೇ ಮುಗಿಯಿತು. “ನಾನು ಗಟ್ಟಿಯಾಗೇ ಹಿಡಿದಿದ್ದೆ” ಎಂದು ತಾಯಿ ಅಳುತ್ತಲೇ ಇದ್ದಳು.

ಅವಳು ಹೇಳಿದ್ದು ನಿಜ. ಆದರೆ ಗಂಟೆಗೆ 50 ಕಿ.ಮೀ. ವೇಗದ ಕಾರು ಡಿಕ್ಕಿ ಹೊಡೆದು ನಿಂತಾಗ 10 ಕೆ.ಜಿ. ತೂಕದ ಮಗು ಸುಮಾರು 200 ಕೆ.ಜಿ.ಯಷ್ಟು ಬಲದಿಂದ ಮುಂದಕ್ಕೆ ಚಿಮ್ಮುತ್ತದೆ. ನಾಲ್ಕು ಚೀಲ ಸಿಮೆಂಟಿನ ಭಾರವದು. ಅದನ್ನು ತಡೆಯುವ ತೋಳು ಯಾವ ತಾಯಿಗೂ ಇಲ್ಲ. ತನ್ನ ಬೆಲ್ಟನ್ನೇ ಮಗುವಿಗೂ ಸೇರಿಸಿ ಹಾಕಿಕೊಂಡರೆ ಅಪಾಯ ಇನ್ನೂ ಹೆಚ್ಚು. ತಾಯಿಯ ಭಾರವೆಲ್ಲ ಮಗುವಿನ ಮೇಲೆ ಬೀಳುತ್ತದೆ.

ಅಟ್ಟ ಸೇರಿದ ಸೀಟು

ಬಾದಾಮಿಯ ಪರಿಚಿತರೊಬ್ಬರ ಸೊಸೆ ದುಬೈಯಿಂದ ಬರುವಾಗ ಮಗುವಿನ ಕಾರ್ ಸೀಟನ್ನೂ ತಂದಿದ್ದಳು. ಅಲ್ಲಿ 2017ರಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೆ ಅದು ಕಡ್ಡಾಯ. ಇಲ್ಲಿ ದಾದಿಗೆ ಅದು ಹಿಡಿಸಲಿಲ್ಲ. “ಕೂಸಿನ್ನ ಕಟ್ಟಿ ಹಾಕ್ತಾರೇನವಾ? ನಮ್ಮ ತೊಡಿ ಇಲ್ಲೇನು?” ಎಂದರು. ಸೀಟು ಅಟ್ಟ ಸೇರಿತು.

ನಮ್ಮಲ್ಲೂ ಕಾನೂನಿದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಂತೆ 14 ವರ್ಷದೊಳಗಿನ ಮಕ್ಕಳಿಗೆ ಸೀಟ್ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ 1,000 ರೂ. ದಂಡ. ಸೀಟು ದುಬಾರಿ ಎನ್ನುವವರಿದ್ದಾರೆ. ಮದುವೆಗೆಂದು ಕೊಳ್ಳುವ ಒಂದು ಒಳ್ಳೆಯ ರೇಷ್ಮೆ ಸೀರೆಯ ಬೆಲೆಗೆ ಅದು ಸಿಗುತ್ತದೆ.

ಹೇಗೆ ಕೂರಿಸಬೇಕು?

* ಸೀಟನ್ನು ಕಾರಿನ ಹಿಂದಿನ ಸಾಲಿನಲ್ಲಿಡಿ. ಕೂಸಿನ ಮುಖ ಕಾರಿನ ಹಿಂಭಾಗಕ್ಕಿರಲಿ. ಮಗುವಿನ ತಲೆ ದೊಡ್ಡದು, ಕುತ್ತಿಗೆ ಎಳೆಯದು. ಹೀಗೆ ಕೂತರೆ ಹೊಡೆತವನ್ನು ಸೀಟಿನ ಬೆನ್ನು ತಡೆಯುತ್ತದೆ. ಕನಿಷ್ಠ 15 ತಿಂಗಳವರೆಗೆ, ಸೀಟಿನ ಮಿತಿಯೊಳಗೆ ಸಾಧ್ಯವಿದ್ದಷ್ಟು ಹೆಚ್ಚು ಕಾಲ ಹೀಗೆಯೇ ಕೂರಿಸಿ.

* ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಇಂತಹ ಸೀಟನ್ನು ಎಂದೂ ಇಡಬೇಡಿ. ಏರ್‌ಬ್ಯಾಗ್ ಉಬ್ಬುವ ಹೊಡೆತವೇ ಕೂಸಿನ ಪ್ರಾಣ ತೆಗೆಯಬಲ್ಲದು.

* ಕಾರಿನಲ್ಲಿ ಐಸೋಫಿಕ್ಸ್ ಕೊಂಡಿಗಳಿದ್ದರೆ ‘ಟಕ್’ ಎನ್ನುವವರೆಗೆ ಸಿಕ್ಕಿಸಿ. ಇಲ್ಲದಿದ್ದರೆ ಸೀಟಿನ ಮೇಲೆ ಗುರುತು ಮಾಡಿದ ದಾರಿಯಲ್ಲೇ ಬೆಲ್ಟ್ ಹಾಯಿಸಿ, ಸೀಟನ್ನು ಮೊಣಕಾಲಿನಿಂದ ಒತ್ತಿ ಬಿಗಿಯಿರಿ. ಆಮೇಲೆ ಬೆಲ್ಟ್ ಹಾದ ಜಾಗದಲ್ಲಿ ಹಿಡಿದು ಅಲುಗಾಡಿಸಿ. ಒಂದು ಅಂಗುಲಕ್ಕಿಂತ ಹೆಚ್ಚು ಸರಿದರೆ ಬಿಗಿ ಸಾಲದು.

* ಮಗುವಿನ ಹೆಗಲ ಪಟ್ಟಿಯನ್ನು ಚಿವುಟಿ ನೋಡಿ. ಬೆರಳಿಗೆ ಮಡಿಕೆ ಸಿಕ್ಕರೆ ಇನ್ನಷ್ಟು ಬಿಗಿಯಿರಿ. ದಪ್ಪ ಸ್ವೆಟರ್ ತೆಗೆದು ಪಟ್ಟಿ ಕಟ್ಟಿ, ಬೇಕಾದರೆ ಮೇಲೆ ಹೊದಿಸಿ.

* ಸೀಟು ಚಿಕ್ಕದಾದ ಮೇಲೆ ಬೂಸ್ಟರ್ ಬಳಸಿ. ದೊಡ್ಡವರ ಬೆಲ್ಟು ಕುತ್ತಿಗೆಗಲ್ಲ, ಹೆಗಲಿಗೆ ಬರಬೇಕು. ಹೊಟ್ಟೆಗಲ್ಲ, ತೊಡೆಯ ಬುಡಕ್ಕೆ ಬರಬೇಕು.

* ಅಪಘಾತ ಕಂಡ ಸೀಟನ್ನು ಇನ್ನೊಬ್ಬರಿಗೆ ಕೊಡಬೇಡಿ, ಕೊಳ್ಳಲೂಬೇಡಿ.

* ನಮ್ಮ ಕಡೆಯ ಬಿಸಿಲಿಗೆ ಬೆಲ್ಟಿನ ಬಕಲ್ ಕಾದಿರುತ್ತದೆ. ಮುಟ್ಟಿ ನೋಡಿ ಕೂರಿಸಿ. ನಿಲ್ಲಿಸಿದ ಕಾರಿನಲ್ಲಿ ಮಗುವನ್ನು ಕ್ಷಣವೂ ಒಂಟಿಯಾಗಿ ಬಿಡಬೇಡಿ.

ಮನೆಯಲ್ಲಿ ಬೈಕ್ ಮಾತ್ರ ಇದೆಯೇ? 9 ತಿಂಗಳಿಂದ 4 ವರ್ಷದೊಳಗಿನ ಮಗುವಿಗೆ ಚಾಲಕನಿಗೆ ಜೋಡಿಸುವ ಸುರಕ್ಷಾ ಪಟ್ಟಿ ಮತ್ತು ಅಳತೆಯ ಹೆಲ್ಮೆಟ್ ಬೇಕು, ವೇಗ 40 ಕಿ.ಮೀ. ಮೀರಬಾರದು ಎಂಬ ನಿಯಮ 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ.

ಕಟ್ಟಿ, ಆಮೇಲೆ ಭರವಸೆಯಿಡಿ

“ಎಲ್ಲ ಅಲ್ಲಾಹನ ಇಚ್ಛೆ” ಎಂದು ನಾವು ಹೇಳುತ್ತೇವೆ, ನಿಜವೇ. ಆದರೆ ಒಂಟೆಯನ್ನು ಕಟ್ಟಲೋ, ಬಿಟ್ಟು ಅಲ್ಲಾಹನಲ್ಲಿ ಭರವಸೆಯಿಡಲೋ ಎಂದು ಕೇಳಿದವನಿಗೆ ಮೊದಲು ಕಟ್ಟು, ಆಮೇಲೆ ಭರವಸೆಯಿಡು ಎಂದೇ ಪ್ರವಾದಿ(ಸ)ರು ಕಲಿಸಿದರು. ಒಂಟೆಗೇ ಇಷ್ಟು ಕಾಳಜಿ ಇರುವಾಗ, ಅಲ್ಲಾಹನು ನಮಗೆ ಅಮಾನತಾಗಿ ಕೊಟ್ಟ ಮಕ್ಕಳ ವಿಷಯದಲ್ಲಿ ಉದಾಸೀನ ಸಲ್ಲದು.

ಬಾದಾಮಿಯ ಆ ದಾದಿಗೆ ಇಳಕಲ್ ದಾರಿಯ ಕಥೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಸೊಸೆಯನ್ನು ಕರೆದು, “ಆ ಸೀಟು ಕೆಳಗ ಇಳಸವಾ, ಧೂಳ ನಾ ಒರಸ್ತೀನಿ” ಎಂದರು.

ಸಹೋದರಿಯರೇ, ಮುಂದಿನ ಸಲ ಪ್ರಯಾಣದ ದುಆ ಓದುವ ಮುನ್ನ ಮಗುವಿನ ಪಟ್ಟಿಯನ್ನೊಮ್ಮೆ ಚಿವುಟಿ ನೋಡಿ.