ತೊಟ್ಟಿಲಿನ ಬೆಲೆ ಕೂಸಿಗೆ ಗೊತ್ತಿಲ್ಲ



ಸಂಪತ್ತು ದೋಷವಲ್ಲ. ಸಂಪತ್ತಿನಿಂದ ಮನುಷ್ಯನನ್ನು ಅಳೆಯುವುದು ದೋಷ. ಬಸವಾದಿ ಶರಣರು ಕಾಯಕವನ್ನು ವಿಧಿಸಿದರೇ ಹೊರತು ಬಡತನವನ್ನಲ್ಲ. ಸತ್ಯದಿಂದ ದುಡಿಯಬೇಕು, ದುಡಿದುದನ್ನು ದಾಸೋಹಕ್ಕೆ ಸಲ್ಲಿಸಬೇಕು. ಇದು ಅವರು ತೋರಿದ ದಾರಿ. ಇಂದು ದಾಸೋಹದ ಗದ್ದುಗೆಯ ಮೇಲೆ ಡೌಲು ಬಂದು ಕುಳಿತಿದೆ.

ಕಲಘಟಗಿಯ ಬಣ್ಣದ ತೊಟ್ಟಿಲು ನಾಡಿಗೆಲ್ಲ ಪರಿಚಿತ. ಸಾಗವಾನಿ ಕಟ್ಟಿಗೆ, ಅರಗಿನ ಬಣ್ಣ, ಮೈತುಂಬ ಪುರಾಣದ ಚಿತ್ರಗಳು. ಚಿತ್ರಗಾರರ ಕಾಯಕದ ಆ ಫಲ ತಲೆಮಾರುಗಳ ಕಾಲ ಬಾಳುವಂಥದು. ಅದೇ ತಾಲೂಕಿನ ದೇವಿಕೊಪ್ಪದ ಒಂದು ಮನೆಗೆ ನಾಮಕರಣದ ನಿಮಿತ್ತ ದಯಮಾಡಿಸಿದ್ದೆವು. ಅಟ್ಟದ ಮೇಲೆ ಹಿರಿಯರ ಕಾಲದ ಗಟ್ಟಿ ತೊಟ್ಟಿಲಿತ್ತು. ಆದರೂ ಬೀಗರೆದುರು ಕಡಿಮೆಯಾಗಬಾರದೆಂದು ಹೊಸದನ್ನು ತಂದಿದ್ದರು. ಊರಿಗೆಲ್ಲ ಊಟ, ಬಂದವರಿಗೆಲ್ಲ ಆಹೇರಿ. ಗೋವಿನಜೋಳದ ಹಣ ಕೈಸೇರುವ ಮೊದಲೇ ಸಾಲ ಬೆಳೆದಿತ್ತು. ಎರಡು ಎಕರೆ ಹೊಲ ಒತ್ತೆ ಬಿದ್ದಿತ್ತು. ಮನೆಯ ಹಿರಿಯ ತಾಯಿ ನಮ್ಮೆದುರು ಮೆಲ್ಲಗೆ ಅಂದಳು: “ಅಜ್ಜಾರ, ಹಳೇ ತೊಟ್ಟಲದಾಗ ಮೂರು ತಲಿಮಾರು ಮಲಗೇದ. ತೊಟ್ಟಲದ ಬೆಲಿ ಕೂಸಿಗೆ ಗೊತ್ತೇನ್ರೀ?”

ಆ ಮಾತು ನಮ್ಮ ಯಾವ ಪ್ರವಚನಕ್ಕೂ ಕಡಿಮೆಯದಲ್ಲ. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಮಡದಿ ಲಕ್ಕಮ್ಮ ಹಿಗ್ಗಲಿಲ್ಲ. ಹೆಚ್ಚಿನದನ್ನು ತಂದಲ್ಲಿಯೇ ಹಾಕಿ ಬರಲು ಕಳುಹಿಸಿದಳು. ಗುಡಿಸಲಲ್ಲಿದ್ದ ಆಕೆಗೆ ಸಾಕು ಎನ್ನುವುದು ಗೊತ್ತಿತ್ತು. ಮಹಡಿಯಲ್ಲಿರುವ ನಮಗೆ ಗೊತ್ತಿಲ್ಲ.

1972ರಲ್ಲಿ ತೆರೆಕಂಡ ‘ಬಂಗಾರದ ಮನುಷ್ಯ’ ಚಿತ್ರದ ನಾಯಕ ಬರಡು ನೆಲವನ್ನು ದುಡಿದು ಹಸನು ಮಾಡಿ, ಕೊನೆಗೆ ಎಲ್ಲವನ್ನೂ ಬಿಟ್ಟು ನಡೆಯುತ್ತಾನೆ. ಜನ ಅವನನ್ನು ಮನೆಯ ಮಗನೆಂದು ಮೆಚ್ಚಿದರು. ಇಂದಿನ ಧಾರಾವಾಹಿಗಳಲ್ಲಿ ಅಡುಗೆಮನೆಯ ಸೊಸೆಯೂ ಮೈತುಂಬ ಒಡವೆ ಹೇರಿಕೊಂಡಿರುತ್ತಾಳೆ. ಅದನ್ನು ಕಂಡ ಹಳ್ಳಿಯ ಮಗಳು ತನ್ನ ತಾಯಿಯ ಬರಿಗೊರಳಿಗೆ ನಾಚುತ್ತಾಳೆ. ನಾಚಬೇಕಾದವಳು ಅವಳಲ್ಲ.

ಅದೇ 1972ರಲ್ಲಿ ಧರ್ಮಸ್ಥಳದಲ್ಲಿ ಸಾಮೂಹಿಕ ವಿವಾಹಗಳು ಆರಂಭವಾದವು. ನಮ್ಮ ಭಾಗದ ಮಠಗಳಲ್ಲಿಯೂ ಅವು ನಡೆಯುತ್ತ ಬಂದಿವೆ. ಉಳ್ಳವರು ಅಲ್ಲಿ ದೇಣಿಗೆ ಕೊಡುತ್ತಾರೆ, ಅಕ್ಷತೆ ಹಾಕುತ್ತಾರೆ. ತಮ್ಮ ಮಕ್ಕಳನ್ನು ಮಾತ್ರ ಆ ಹಂದರದಲ್ಲಿ ಕೂಡ್ರಿಸುವುದಿಲ್ಲ. ಬಡವರಿಗೊಂದು ಹಂದರ, ಸಿರಿವಂತರಿಗೊಂದು ಕಲ್ಯಾಣಮಂಟಪ ಎಂದಾದರೆ ಅದು ದಾನವಾದೀತು, ದಾಸೋಹವಾಗದು. ದಾಸೋಹದಲ್ಲಿ ಕೊಡುವವನು ಮೇಲಲ್ಲ.

ಈ ತಪ್ಪಿನಲ್ಲಿ ಮಠಗಳ ಪಾಲೂ ಇದೆ. ಕಾಣಿಕೆ ದೊಡ್ಡದಾದವರಿಗೆ ಮುಂದಿನ ಕುರ್ಚಿ ಹಾಕಿಸಿದವರು ನಾವೇ. ಪ್ರಸಾದದ ಪಂಕ್ತಿಯಲ್ಲಿರುವ ಸಮತೆ ವೇದಿಕೆಯ ಮೇಲೆ ಇರಲಿಲ್ಲ. ಇದನ್ನು ಒಪ್ಪಿಕೊಳ್ಳದೆ ಭಕ್ತರಿಗೆ ಬುದ್ಧಿ ಹೇಳುವ ಅಧಿಕಾರ ನಮಗಿಲ್ಲ.

ಬರುವ ಮದುವೆಯ ಕಾಲದಲ್ಲಿ ಉಳ್ಳವರೊಬ್ಬರು ತಮ್ಮ ಮಗನನ್ನು ಸಾಮೂಹಿಕ ಹಂದರಕ್ಕೆ ಕರೆತರಲಿ. ಅವರನ್ನು ನೋಡಿ ಹತ್ತು ರೈತರ ಹೊಲ ಒತ್ತೆ ಬೀಳುವುದು ತಪ್ಪೀತು. ಅಟ್ಟದ ಮೇಲಿನ ತೊಟ್ಟಿಲುಗಳು ಕೆಳಗಿಳಿಯಲಿ, ಮನೆಮನೆಯ ಕೂಸು ಸಾಲವಿಲ್ಲದ ಜೋಗುಳ ಕೇಳಲಿ ಎಂದು ಹಾರೈಸುತ್ತೇವೆ.