ಬರೆದು ಗಳಿಸುವ ದಾರಿ: ಹಣ ಕೊಡುವವರು ಯಾರು?

‘ಮನೆಯಲ್ಲೇ ಕುಳಿತು ಬರೆಯಿರಿ, ತಿಂಗಳು ತಿಂಗಳೂ ಕೈತುಂಬ ಸಂಪಾದಿಸಿರಿ’ ಎಂಬ ಕರೆ ಮೊಬೈಲಿನ ಮೂಲಕ ಗಡಿನಾಡಿನ ಮನೆಗಳಿಗೂ ಬಂದು ತಲುಪುತ್ತಿದೆ. ಪದವಿ ಮುಗಿಸಿ ನೇಮಕಾತಿ ಪರೀಕ್ಷೆಯ ಫಲಿತಾಂಶಕ್ಕೆ ಕಾದಿರುವ ಯುವಕರು, ಮನೆ ಬಿಟ್ಟು ದೂರದ ಊರಿಗೆ ಹೋಗಲಾಗದ ಗೃಹಿಣಿಯರು, ಕಾಲೇಜಿನ ಖರ್ಚನ್ನು ತಾವೇ ಭರಿಸಬಯಸುವ ವಿದ್ಯಾರ್ಥಿಗಳು ಈ ಕರೆಗೆ ಕಿವಿಗೊಡುವುದು ಸಹಜ. ಮಕ್ಕಳನ್ನು ಕನ್ನಡ ಮಾಧ್ಯಮದಲ್ಲಿ ಓದಿಸಿದ ತಂದೆತಾಯಿಯರ ಮನಸ್ಸಿನಲ್ಲಿ ಇದರ ಜೊತೆಗೇ ಇನ್ನೊಂದು ಪ್ರಶ್ನೆಯೂ ಏಳುತ್ತದೆ. ಕಾಸರಗೋಡಿನಲ್ಲಾಗಲಿ, ಅಕ್ಕಲಕೋಟೆಯಲ್ಲಾಗಲಿ, ಆದೋನಿಯಲ್ಲಾಗಲಿ ಕನ್ನಡದಲ್ಲಿ ಕಲಿತ ಮಗುವಿಗೆ ಈ ಹೊಸ ದುಡಿಮೆಯಲ್ಲಿ ಪಾಲುಂಟೆ?

ಪಾಲು ಉಂಟು. ಆದರೆ ಅದು ಕರೆಯಲ್ಲಿ ಹೇಳಿದಷ್ಟು ಸುಲಭವಲ್ಲ, ಹೇಳಿದ ರೂಪದಲ್ಲಿಯೂ ಇಲ್ಲ. ಬರವಣಿಗೆಯಿಂದ ಹಣ ಬರುತ್ತದೆಂದು ಯಾರಾದರೂ ಹೇಳಿದಾಗ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಆ ಹಣವನ್ನು ಕೊಡುವವರು ಯಾರು, ಏತಕ್ಕಾಗಿ ಕೊಡುತ್ತಾರೆ? ಇದಕ್ಕೆ ನೇರವಾದ ಉತ್ತರ ದೊರೆತರೆ ಆ ಕೆಲಸವನ್ನು ಪರಿಶೀಲಿಸಬಹುದು. ದೊರೆಯದಿದ್ದರೆ ಹಿಂದೆ ಸರಿಯುವುದೇ ಲೇಸು.

ಹಣದ ಮೂರು ಮೂಲಗಳು

ಬ್ಲಾಗ್ ಎಂದರೆ ಅಂತರಜಾಲದಲ್ಲಿ ಒಬ್ಬರೇ ಲೇಖಕರೂ ಸಂಪಾದಕರೂ ಪ್ರಕಾಶಕರೂ ಆಗಿ ನಡೆಸುವ ಪತ್ರಿಕೆ ಎನ್ನಬಹುದು. 1999ರಲ್ಲಿ ಆರಂಭವಾದ ‘ಬ್ಲಾಗರ್’ ಎಂಬ ಸೌಲಭ್ಯವನ್ನು 2003ರಲ್ಲಿ ಗೂಗಲ್ ಸಂಸ್ಥೆ ಕೊಂಡುಕೊಂಡಿತು. ಅದರಲ್ಲಿ ಬ್ಲಾಗ್ ತೆರೆಯಲು ಇಂದಿಗೂ ಶುಲ್ಕವಿಲ್ಲ. ಪತ್ರಿಕೆಗೆ ಆದಾಯ ಬರುವ ದಾರಿಗಳೇ ಬ್ಲಾಗಿಗೂ ಇವೆ.

ಮೊದಲನೆಯದು ಜಾಹೀರಾತು. 2003ರಲ್ಲಿ ಗೂಗಲ್ ಆರಂಭಿಸಿದ ‘ಆ್ಯಡ್‌ಸೆನ್ಸ್’ ವ್ಯವಸ್ಥೆಯಲ್ಲಿ ಬರಹಗಾರರು ಜಾಹೀರಾತುದಾರರನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬರಹದ ನಡುವೆ ಬಿಟ್ಟ ಜಾಗದಲ್ಲಿ ಗೂಗಲ್ ತಾನೇ ಜಾಹೀರಾತುಗಳನ್ನು ತುಂಬುತ್ತದೆ. ಜಾಹೀರಾತುದಾರರು ಕೊಟ್ಟ ಹಣದಲ್ಲಿ ಸುಮಾರು ಶೇ. 68 ಭಾಗ ಬ್ಲಾಗ್ ನಡೆಸುವವರಿಗೆ ಸಲ್ಲುತ್ತದೆ.

ಎರಡನೆಯದು ಪ್ರಾಯೋಜಿತ ಬರಹ. ಒಂದು ಕಂಪನಿ ತನ್ನ ವಸ್ತುವಿನ ಕುರಿತು ಬರೆಯಲು ಲೇಖಕರಿಗೆ ನೇರವಾಗಿ ಹಣವನ್ನೋ ವಸ್ತುವನ್ನೋ ಕೊಡುತ್ತದೆ.

ಮೂರನೆಯದು ಬರೆಸಿಕೊಂಡವರೇ ಕೊಡುವ ಸಂಭಾವನೆ. ಸುದ್ದಿತಾಣ, ಪ್ರಕಾಶನ ಸಂಸ್ಥೆ, ಶೈಕ್ಷಣಿಕ ಸಂಸ್ಥೆ ಮೊದಲಾದವು ಲೇಖನಕ್ಕೆ ಇಷ್ಟು, ಪುಟಕ್ಕೆ ಇಷ್ಟು ಎಂದು ಗೊತ್ತುಪಡಿಸಿ ಬರೆಸುತ್ತವೆ, ಅನುವಾದ ಮಾಡಿಸುತ್ತವೆ, ಕರಡು ತಿದ್ದಿಸುತ್ತವೆ.

ಈ ಮೂರರಲ್ಲಿಯೂ ಹಣ ಹೊರಗಿನಿಂದ ಬರಹಗಾರರ ಕಡೆಗೆ ಹರಿಯುತ್ತದೆ. ಬರಹಗಾರರಿಂದ ಹೊರಗಿನವರ ಕಡೆಗೆ ಹರಿಯುವ ನಾಲ್ಕನೆಯ ದಾರಿಯೂ ಒಂದುಂಟು. ಅದರ ವಿಚಾರ ಮುಂದೆ ಬರುತ್ತದೆ.

ಕನ್ನಡ ಬರಹಕ್ಕೆ ಜಾಹೀರಾತು

ಆ್ಯಡ್‌ಸೆನ್ಸ್ ಬಹುಕಾಲ ಭಾರತೀಯ ಭಾಷೆಗಳ ಬರಹಕ್ಕೆ ಮುಚ್ಚಿದ ಬಾಗಿಲಾಗಿತ್ತು. ಹಿಂದಿಗೆ ಅದು ತೆರೆದುದು 2014ರ ಡಿಸೆಂಬರಿನಲ್ಲಿ. ಬಂಗಾಳಿಗೆ 2017ರಲ್ಲಿ, ತಮಿಳು ಮತ್ತು ತೆಲುಗಿಗೆ 2018ರಲ್ಲಿ ಅವಕಾಶ ದೊರೆಯಿತು. ಕನ್ನಡ ಇವುಗಳ ನಂತರ ಪಟ್ಟಿಗೆ ಸೇರಿತು. ಆದ್ದರಿಂದ ಇಂದು ಕನ್ನಡದಲ್ಲಿ ಬರೆದೂ ಜಾಹೀರಾತಿನ ಹಣ ಪಡೆಯಲು ಸಾಧ್ಯ.

ಆದರೆ ಲೆಕ್ಕವನ್ನು ಮೊದಲೇ ಹಾಕಿ ನೋಡಬೇಕು. ಖಾತೆಯಲ್ಲಿ 100 ಡಾಲರ್ ಕೂಡುವವರೆಗೆ ಹಣ ಬ್ಯಾಂಕಿಗೆ ಬರುವುದಿಲ್ಲ. ಸಾವಿರ ಸಲ ಪುಟ ತೆರೆದಾಗ ಒಂದು ಡಾಲರ್ ದೊರೆಯುತ್ತದೆಂದು ಲೆಕ್ಕಕ್ಕಾಗಿ ಇಟ್ಟುಕೊಂಡರೂ, ಮೊದಲ 100 ಡಾಲರ್ ಕೈಸೇರಲು ಪುಟಗಳು ಒಂದು ಲಕ್ಷ ಸಲ ತೆರೆಯಲ್ಪಡಬೇಕು. ದಿನಕ್ಕೆ ನೂರು ಓದುಗರು ಬರುವ ಬ್ಲಾಗಿಗೆ ಅದು ಸಾವಿರ ದಿನಗಳ ಕೆಲಸ. ಓದುಗರ ಸಂಖ್ಯೆ ದಿನಕ್ಕೆ ಮೂರು ಸಾವಿರಕ್ಕೇರಿದರೆ ಸುಮಾರು ಒಂದು ತಿಂಗಳು ಸಾಕು. ಗಳಿಕೆಯನ್ನು ನಿರ್ಧರಿಸುವುದು ಬರೆದ ಪುಟಗಳ ಸಂಖ್ಯೆಯಲ್ಲ, ಮರಳಿ ಮರಳಿ ಬರುವ ಓದುಗರ ಸಂಖ್ಯೆ.

ಶಾಲಾ ಮಕ್ಕಳಿರುವ ಮನೆಗಳು ತಿಳಿದಿರಬೇಕಾದ ನಿಯಮಗಳೂ ಇವೆ. ಆ್ಯಡ್‌ಸೆನ್ಸ್ ಖಾತೆ ತೆರೆಯಲು 18 ವರ್ಷ ತುಂಬಿರಬೇಕು. ಅದಕ್ಕಿಂತ ಚಿಕ್ಕವರಿದ್ದರೆ ತಂದೆ, ತಾಯಿ ಅಥವಾ ಪೋಷಕರ ಹೆಸರಿನಲ್ಲಿ ಅರ್ಜಿ ಹಾಕಬೇಕು, ಹಣವೂ ಅವರಿಗೇ ಸಂದಾಯವಾಗುತ್ತದೆ. ಗಳಿಕೆ 10 ಡಾಲರ್ ತಲುಪಿದಾಗ ವಿಳಾಸವನ್ನು ದೃಢಪಡಿಸಿಕೊಳ್ಳಲು ಒಂದು ಗುಪ್ತಸಂಖ್ಯೆಯನ್ನು ಸಾಮಾನ್ಯವಾಗಿ ಅಂಚೆಯಲ್ಲಿ ಕಳುಹಿಸಲಾಗುತ್ತದೆ. ಮನೆಹೆಸರು, ಅಂಚೆ ಕಚೇರಿ, ಪಿನ್‌ಕೋಡ್ ಇವುಗಳನ್ನು ಊರಿನ ಅಂಚೆಯವರು ಗುರುತಿಸುವಂತೆ ಬರೆಯದಿದ್ದರೆ ಗಳಿಸಿದ ಹಣವೂ ಅಲ್ಲಿಯೇ ನಿಂತುಬಿಡುತ್ತದೆ. ಇನ್ನು, ತನ್ನ ಪುಟದ ಜಾಹೀರಾತನ್ನು ತಾನೇ ಒತ್ತುವುದು, ಗೆಳೆಯರಿಂದ ಒತ್ತಿಸುವುದು ನಿಷಿದ್ಧ. ಇದು ಪತ್ತೆಯಾದರೆ ಖಾತೆಯೇ ರದ್ದಾಗಬಹುದು.

ಹಣ ಪಡೆದ ಮಾತು

ಪ್ರಾಯೋಜಿತ ಬರಹದ ವಿಷಯ ಇನ್ನೂ ಸೂಕ್ಷ್ಮವಾದುದು. 2006ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ‘ಪೇ ಪರ್ ಪೋಸ್ಟ್’ ಎಂಬ ಕಂಪನಿ ಆರಂಭವಾಯಿತು. ಜಾಹೀರಾತುದಾರರು ಹೇಳಿದ ವಸ್ತುವಿನ ಬಗ್ಗೆ ಬ್ಲಾಗಿನಲ್ಲಿ ಬರೆದವರಿಗೆ ಅದು ಹಣ ಕೊಡುತ್ತಿತ್ತು. ಹಣ ಪಡೆದಿರುವುದನ್ನು ಓದುಗರಿಗೆ ತಿಳಿಸಬೇಕೆಂಬ ಕಡ್ಡಾಯ ಮೊದಲಿಗೆ ಇರಲಿಲ್ಲ. ಟೀಕೆಗಳು ಬಂದ ಮೇಲೆ ಅದೇ ವರ್ಷದ ಕೊನೆಯಲ್ಲಿ ಆ ನಿಯಮ ಬಂದಿತು. 2009ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ತನ್ನ ಮಾರ್ಗಸೂಚಿಯನ್ನು ಪರಿಷ್ಕರಿಸಿ, ಬ್ಲಾಗ್ ಬರಹಗಾರರೂ ಇಂಥ ಸಂಬಂಧವನ್ನು ಬಹಿರಂಗಪಡಿಸಬೇಕೆಂದು ವಿಧಿಸಿತು.

ಭಾರತದಲ್ಲಿಯೂ ಈಗ ನಿಯಮವಿದೆ. ಜಾಹೀರಾತು ಕ್ಷೇತ್ರದ ಸ್ವಯಂನಿಯಂತ್ರಣ ಸಂಸ್ಥೆಯಾದ ಭಾರತೀಯ ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ ಮಾರ್ಗಸೂಚಿ ಹೊರಡಿಸಿತು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ತನ್ನ ಸೂಚನೆಗಳನ್ನು ಪ್ರಕಟಿಸಿತು. ಹಣ, ಉಚಿತ ವಸ್ತು, ಪ್ರವಾಸ, ರಿಯಾಯಿತಿ ಹೀಗೆ ಯಾವ ಲಾಭ ಪಡೆದಿದ್ದರೂ ಅದನ್ನು ಸ್ಪಷ್ಟವಾಗಿ, ಸರಳವಾದ ಮಾತಿನಲ್ಲಿ, ಬರಹದ ಭಾಷೆಯಲ್ಲಿಯೇ ಹೇಳಬೇಕು. ಕನ್ನಡ ಬರಹವಾದರೆ ‘ಇದು ಜಾಹೀರಾತು’, ‘ಪ್ರಾಯೋಜಿತ ಬರಹ’ ಎಂದು ಕನ್ನಡದಲ್ಲಿಯೇ ಓದುಗರ ಕಣ್ಣಿಗೆ ಬೀಳಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮತ್ತೆ ತಪ್ಪೆಸಗಿದರೆ 50 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ.

ಗಡಿನಾಡಿನಲ್ಲಿ ದಂಡದ ಭಯಕ್ಕಿಂತಲೂ ದೊಡ್ಡದೊಂದು ಕಾರಣವಿದೆ. ಇಲ್ಲಿ ಕನ್ನಡ ಓದುವವರ ಬಳಗ ಚಿಕ್ಕದು, ಬರೆದವರು ಯಾರ ಮಗ, ಯಾರ ಮಗಳು ಎಂಬುದು ಓದುಗರಿಗೆ ಗೊತ್ತಿರುತ್ತದೆ. ತಾನು ಬಳಸದ ಔಷಧವನ್ನು, ತಾನು ನೋಡದ ಕೋಚಿಂಗ್ ಕೇಂದ್ರವನ್ನು ಹಣಕ್ಕಾಗಿ ಹೊಗಳಿದ ಮಾತು ಪಕ್ಕದ ಮನೆಯವರನ್ನೇ ನಷ್ಟಕ್ಕೆ ದೂಡಬಹುದು. ಹಾಗೆ ಹೋದ ನಂಬಿಕೆ ಮರಳಿ ಬರುವುದು ಕಷ್ಟ.

ಹಣ ಕೇಳುವ ‘ಕೆಲಸ’

ಈಗ ಆ ನಾಲ್ಕನೆಯ ದಾರಿ. ‘ಪುಟಗಳನ್ನು ಟೈಪ್ ಮಾಡಿಕೊಡಿ, ಲೇಖನ ನಕಲು ಮಾಡಿ ಹಾಕಿ, ಹಣ ಪಡೆಯಿರಿ’ ಎಂದು ಆರಂಭವಾಗುವ ಮಾತು ಸ್ವಲ್ಪ ಹೊತ್ತಿನಲ್ಲಿಯೇ ನೋಂದಣಿ ಶುಲ್ಕ, ತರಬೇತಿ ಶುಲ್ಕ, ಭದ್ರತಾ ಠೇವಣಿಗಳತ್ತ ತಿರುಗುತ್ತದೆ. ಇನ್ನು ಕೆಲವರು ಶುಲ್ಕ ಕೇಳದೆ ಕರಾರುಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಕೆಲವೇ ದಿನಗಳಲ್ಲಿ ನೂರಾರು ಪುಟಗಳನ್ನು ತಪ್ಪಿಲ್ಲದೆ ಮುಗಿಸಬೇಕೆಂಬ, ಯಾರಿಂದಲೂ ಪೂರೈಸಲಾಗದ ಷರತ್ತು ಅದರಲ್ಲಿರುತ್ತದೆ. ಬಳಿಕ ‘ತಪ್ಪುಗಳಿವೆ, ಕರಾರು ಮುರಿದಿದ್ದೀರಿ, ದಂಡ ಕಟ್ಟದಿದ್ದರೆ ನ್ಯಾಯಾಲಯಕ್ಕೆ ಎಳೆಯುತ್ತೇವೆ’ ಎಂಬ ಬೆದರಿಕೆ ಬರುತ್ತದೆ. ಮರ್ಯಾದೆಗೆ ಅಂಜಿ ಮನೆಯವರಿಗೂ ತಿಳಿಸದೆ ಹಣ ಕಟ್ಟುವವರಿದ್ದಾರೆ.

ಇನ್ನೊಂದು ಬಗೆಯಲ್ಲಿ ಮೊದಲು ಮೆಚ್ಚುಗೆ ಒತ್ತುವುದಕ್ಕೋ ವಿಮರ್ಶೆ ಬರೆಯುವುದಕ್ಕೋ ನೂರಿನ್ನೂರು ರೂಪಾಯಿ ನಿಜವಾಗಿಯೂ ಖಾತೆಗೆ ಬರುತ್ತದೆ. ನಂಬಿಕೆ ಕುದುರಿದ ಮೇಲೆ ‘ಹೆಚ್ಚು ಲಾಭದ ಕೆಲಸ’ಕ್ಕಾಗಿ ಸಾವಿರಾರು ರೂಪಾಯಿ ಕಟ್ಟಿಸಿಕೊಳ್ಳುತ್ತಾರೆ. ಅರೆಕಾಲಿಕ ಕೆಲಸದ ಹೆಸರಿನಲ್ಲಿ ಇಂಥ ವಂಚನೆ ನಡೆಸುತ್ತಿದ್ದ ನೂರಕ್ಕೂ ಹೆಚ್ಚು ಜಾಲತಾಣಗಳನ್ನು 2023ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ನಿರ್ಬಂಧಿಸಿತು. ‘ನಿಮ್ಮ ಬ್ಯಾಂಕ್ ಖಾತೆಯನ್ನು ಬಳಸಲು ಕೊಡಿ, ಕಮಿಷನ್ ಕೊಡುತ್ತೇವೆ’ ಎಂಬ ಮಾತು ಇನ್ನೂ ಅಪಾಯಕಾರಿ. ವಂಚನೆಯ ಹಣ ಆ ಖಾತೆಯ ಮೂಲಕ ಹರಿದರೆ ಪೊಲೀಸರು ಮೊದಲು ಬಂದು ನಿಲ್ಲುವುದು ಖಾತೆದಾರರ ಬಾಗಿಲಲ್ಲಿ.

ಪರಿಹಾರದ ದಾರಿ ಸರಳ. ಕೆಲಸ ಕೊಡುವವರು ಹಣ ಕೇಳಿದರೆ ಅಲ್ಲಿಗೇ ನಿಲ್ಲಿಸಬೇಕು. ಮೊಬೈಲಿಗೆ ಬಂದ ಬೆದರಿಕೆಯ ನೋಟಿಸು ನ್ಯಾಯಾಲಯದ ಸಮನ್ಸ್ ಅಲ್ಲ. ಸಂದೇಶಗಳನ್ನು ಅಳಿಸದೆ ಉಳಿಸಿಕೊಂಡು ಪೊಲೀಸರಿಗೆ ತಿಳಿಸಬೇಕು. ಹಣ ಹೋಗಿದ್ದರೆ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಬೇಕು. ದೇಶದ ಯಾವ ರಾಜ್ಯದವರಿಗೂ ಇದು ಒಂದೇ ಸಂಖ್ಯೆ. ಬೇಗ ತಿಳಿಸಿದಷ್ಟೂ ಹಣವನ್ನು ಮಧ್ಯದಲ್ಲಿಯೇ ತಡೆಯುವ ಸಾಧ್ಯತೆ ಹೆಚ್ಚು. ಮಗ ಅಥವಾ ಮಗಳು ಮೋಸಹೋದುದನ್ನು ಬಂದು ಹೇಳಿದಾಗ ಮನೆಯವರು ಬೈಗುಳನ್ನು ಬದಿಗಿಟ್ಟು ಮೊದಲು ಆ ಕರೆ ಮಾಡಬೇಕು.

ಎರಡು ನುಡಿಗಳ ಬಂಡವಾಳ

ಹಾಗಾದರೆ ಗಡಿನಾಡಿನ ಕನ್ನಡ ಮಾಧ್ಯಮದ ವಿದ್ಯಾರ್ಥಿಯ ಕೈಯಲ್ಲಿರುವ ಬಂಡವಾಳವೇನು? ಮನೆಯ ಹೊಸ್ತಿಲಲ್ಲಿಯೇ ದೊರೆತ ಎರಡನೆಯ ನುಡಿ. ಮಂಜೇಶ್ವರದ ಮಗುವಿಗೆ ಕನ್ನಡದ ಜೊತೆಗೆ ಮಲಯಾಳವೂ ತುಳುವೂ ಬರುತ್ತವೆ. ಜತ್ತಿನ ಮಗುವಿಗೆ ಮರಾಠಿ, ತಾಳವಾಡಿ ಮತ್ತು ಹೊಸೂರಿನ ಮಗುವಿಗೆ ತಮಿಳು, ಮಡಕಶಿರದ ಮಗುವಿಗೆ ತೆಲುಗು ಕಿವಿಯಿಂದಲೇ ಒಲಿದಿರುತ್ತವೆ. ಬಹುಭಾಷಾ ಪಂಡಿತರಾಗಿದ್ದ ರಾಷ್ಟ್ರಕವಿ ಗೋವಿಂದ ಪೈಗಳು ನೆಲೆಸಿದ್ದುದು ಇದೇ ಗಡಿಯ ಮಂಜೇಶ್ವರದಲ್ಲಿ.

ಈ ನುಡಿಬಲಕ್ಕೆ ಇಂದು ಬೇಡಿಕೆಯುಂಟು. ಸರ್ಕಾರದ ಯೋಜನೆ, ವಿದ್ಯಾರ್ಥಿವೇತನ, ಬೆಳೆ ವಿಮೆ, ಪರೀಕ್ಷೆಗಳ ಪ್ರಕಟಣೆಗಳು ರಾಜ್ಯಭಾಷೆಯಲ್ಲಿ ಬರುತ್ತವೆ. ಅವನ್ನು ತಿಳಿಗನ್ನಡದಲ್ಲಿ ವಿವರಿಸಿ ಬರೆಯುವವರಿಗಾಗಿ ಓದುಗರು ಕಾದಿದ್ದಾರೆ. ಕಾಸರಗೋಡಿನ ಅಡಿಕೆ, ಕುಂಬಳೆಯ ಪಾರ್ತಿಸುಬ್ಬನಿಂದ ಬೆಳೆದುಬಂದ ಯಕ್ಷಗಾನ, ಸೊಲ್ಲಾಪುರದ ಚಾದರ, ಆದೋನಿಯ ಹತ್ತಿ ಮಾರುಕಟ್ಟೆ ಇವುಗಳನ್ನು ಕಂಡು ಬರೆಯಬಲ್ಲವರು ಅಲ್ಲಿಯೇ ಇರುವವರು. ದೂರದಲ್ಲಿ ಕುಳಿತು ಹತ್ತು ಪುಟಗಳಿಂದ ಕದ್ದು ಜೋಡಿಸಿದ ಬರಹ ಓದುಗರನ್ನು ಹಿಡಿದಿಡಲಾರದು. ಅನ್ಯರ ಬರಹವನ್ನು ನಕಲು ಮಾಡುವುದು 1957ರ ಹಕ್ಕುಸ್ವಾಮ್ಯ ಕಾಯ್ದೆಗೂ ವಿರುದ್ಧ.

ಅನುವಾದವನ್ನು ಯಂತ್ರವೇ ಮಾಡುವುದಲ್ಲ ಎಂಬ ಸಂಶಯ ಸಹಜ. ಗೂಗಲ್‌ನ ಅನುವಾದ ಸೌಲಭ್ಯಕ್ಕೆ ಕನ್ನಡ ಸೇರಿದುದು 2011ರಲ್ಲಿ. ಅಂದಿನಿಂದ ಯಂತ್ರದ ಕೆಲಸ ಬಹಳ ಸುಧಾರಿಸಿದೆ, ಸಾಧಾರಣ ಅನುವಾದದ ಕೂಲಿಯನ್ನು ಅದು ತಗ್ಗಿಸುತ್ತಿದೆ. ಆದರೆ ಗಾದೆಯನ್ನು, ಕಾನೂನಿನ ಮಾತನ್ನು, ಊರಿನ ಆಡುನುಡಿಯನ್ನು ಯಂತ್ರ ತಪ್ಪಿಸಿದಾಗ ಅದನ್ನು ಗುರುತಿಸಿ ತಿದ್ದಲು ಎರಡೂ ನುಡಿಗಳನ್ನು ಬಲ್ಲ ಮನುಷ್ಯರೇ ಬೇಕು. ಉತ್ತಮ ಅನುವಾದ ಎಷ್ಟು ಎತ್ತರಕ್ಕೆ ಏರಬಲ್ಲುದೆಂಬುದನ್ನು 2025ರ ಮೇ ತಿಂಗಳು ತೋರಿಸಿತು. ಬಾನು ಮುಷ್ತಾಕ್ ಅವರ ಕನ್ನಡ ಕಥೆಗಳನ್ನು ಕೊಡಗಿನ ದೀಪಾ ಭಾಸ್ತಿ ಅವರು ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ ಕೃತಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ, 50,000 ಪೌಂಡ್ ಮೊತ್ತ ಲೇಖಕಿಗೂ ಅನುವಾದಕಿಗೂ ಸಮಪಾಲಾಗಿ ಸಂದಿತು. ಎಲ್ಲರಿಗೂ ಅಂಥ ಪ್ರಶಸ್ತಿ ಬರುವುದಿಲ್ಲ. ಆದರೂ ಅನುವಾದದ ದುಡಿಮೆ ಮೂಲ ಬರಹಕ್ಕೆ ಸಮವೆಂಬ ಮನ್ನಣೆ ಅದರಲ್ಲಿದೆ.

ಆರಂಭ ಎಲ್ಲಿಂದ?

ಮೊದಲ ವರ್ಷವನ್ನು ಗಳಿಕೆಗಿಂತ ಕಲಿಕೆಗೆ ಮೀಸಲಿಡುವುದು ಒಳ್ಳೆಯದು. ಯುನಿಕೋಡ್ ಕನ್ನಡದಲ್ಲಿ ವೇಗವಾಗಿ, ತಪ್ಪಿಲ್ಲದೆ ಟೈಪ್ ಮಾಡಲು ಕಲಿಯಬೇಕು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯಾದಲ್ಲಿ, 2016ರಿಂದ ಇರುವ ತುಳು ವಿಕಿಪೀಡಿಯಾದಲ್ಲಿ ತನ್ನೂರಿನ ಕುರಿತು ಆಧಾರಸಹಿತ ಲೇಖನ ಬರೆಯುವುದರಿಂದ ಹಣ ಬಾರದಿದ್ದರೂ ಅಭ್ಯಾಸ ಕೈಗೂಡುತ್ತದೆ, ಕೆಲಸ ಕೇಳುವಾಗ ತೋರಿಸಲು ಬರಹವಿರುತ್ತದೆ. ಮುಂದೆ ಒಂದೇ ವಿಷಯವನ್ನು ಆರಿಸಿಕೊಂಡು ವಾರಕ್ಕೊಂದು ಬರಹವನ್ನು ತಪ್ಪದೆ ಪ್ರಕಟಿಸಬೇಕು. ಸಂಭಾವನೆಯ ಕೆಲಸ ಒಪ್ಪಿಕೊಳ್ಳುವಾಗ ದರ, ಅವಧಿ, ಬರಹದ ಹಕ್ಕು ಯಾರದ್ದೆಂಬುದನ್ನು ಬರಹದಲ್ಲಿ ಪಡೆದು, ಬಂದ ಹಣದ ಲೆಕ್ಕವನ್ನು ಪುಸ್ತಕದಲ್ಲಿ ಇಡಬೇಕು. ಡಾಲರಿನಲ್ಲಿ ಬಂದರೂ ಅದು ಆದಾಯವೇ, ಆದಾಯ ತೆರಿಗೆಯ ಲೆಕ್ಕಕ್ಕೆ ಸೇರತಕ್ಕದ್ದೇ.

ಓದನ್ನು ನಿಲ್ಲಿಸಿ ಹಿಡಿಯುವ ದಾರಿ ಇದಲ್ಲ, ಓದಿನ ಜೊತೆಗೆ, ಮನೆಗೆಲಸದ ನಡುವೆ, ಇನ್ನೊಂದು ಉದ್ಯೋಗದ ಬದಿಯಲ್ಲಿ ನಿಧಾನವಾಗಿ ಬೆಳೆಸಿಕೊಳ್ಳಬಹುದಾದ ಉಪವೃತ್ತಿ. ತಾಯ್ನುಡಿಯಲ್ಲಿ ಕಲಿತುದು ಹೊಟ್ಟೆಗೆ ಆಗಿಬಾರದೆಂದು ಅಳುಕುವ ಮನೆಗಳಿಗೆ ಇದರಲ್ಲಿ ಒಂದಿಷ್ಟು ಭರವಸೆಯುಂಟು. ಕನ್ನಡವನ್ನು ಚೆನ್ನಾಗಿ ಬಲ್ಲವರಿಗೆ, ಅದರ ಪಕ್ಕದ ನುಡಿಯನ್ನೂ ಬಿಡದೆ ಕಲಿತವರಿಗೆ ಕೆಲಸವಿದೆ. ಆ ಎರಡನ್ನೂ ಗಟ್ಟಿಯಾಗಿ ಕಲಿಸುವ ತರಗತಿಗೆ ನೋಂದಣಿ ಶುಲ್ಕ ಕೇಳುವ ಅಪರಿಚಿತರು ಬೇಕಿಲ್ಲ. ಅದು ಊರಿನ ಕನ್ನಡ ಶಾಲೆಯಲ್ಲಿಯೇ ಇದೆ.