ಕೋರಮಂಡಲ ತೀರದ ನೆರೆ: ಮೋಡ ನಿಂತಾಗ, ಅಳಿವೆ ಕಟ್ಟಿದಾಗ

ತಮಿಳುನಾಡಿನ ಕೋರಮಂಡಲ ತೀರಕ್ಕೆ ಮುಂಗಾರು ದೊಡ್ಡ ಮಳೆ ತರುವುದಿಲ್ಲ. ನೈರುತ್ಯ ಮಾರುತ ತನ್ನ ನೀರಿನ ಬಹುಪಾಲನ್ನು ಪಶ್ಚಿಮ ಘಟ್ಟದಲ್ಲೇ ಸುರಿದು ಬಂದಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚೆನ್ನೈಗೆ ಸಿಗುವುದು ಸಂಜೆ ಮತ್ತು ರಾತ್ರಿಯ ಗುಡುಗುಮಳೆ. ಹಗಲೆಲ್ಲ ಕಾದ ನೆಲದ ಮೇಲೆ ಪಡುವಣ ಗಾಳಿಗೆ ಕಡಲಗಾಳಿ ಎದುರಾಗಿ, ಬಿಸಿಯಾದ ತೇವದ ಗಾಳಿ ಮೇಲೆದ್ದು ಮೋಡ ಕಟ್ಟುತ್ತದೆ. ಒಂದೆರಡು ಗಂಟೆ ಜೋರಾಗಿ ಸುರಿದು ತೆರವಾಗುತ್ತದೆ. ವರ್ಷದ ಸುಮಾರು 140 ಸೆಂ.ಮೀ. ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬೀಳುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರಿನಲ್ಲಿ. ಅದೂ ಮೂರು ತಿಂಗಳಿಗೆ ಹಂಚಿಕೊಂಡು ಬೀಳದೆ, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದ ಕೆಲವೇ ದಿನಗಳಲ್ಲಿ ಒಟ್ಟೊಟ್ಟಿಗೆ ಬಂದುಬಿಡುತ್ತದೆ.

ಈ ಕುಸಿತಗಳಿಗೆ ಹವಾಮಾನ ಇಲಾಖೆ ಕೊಡುವ ದರ್ಜೆಗೆ ಗಾಳಿಯ ವೇಗವೇ ಆಧಾರ. ಗಂಟೆಗೆ 31 ಕಿ.ಮೀ. ದಾಟಿದರೆ ವಾಯುಭಾರ ಕುಸಿತ, 62 ಕಿ.ಮೀ. ಮುಟ್ಟಿದರೆ ಹೆಸರಿಟ್ಟ ಚಂಡಮಾರುತ, ಇನ್ನೂ ಮೇಲೇರಿದರೆ ತೀವ್ರ, ಅತಿ ತೀವ್ರ ಚಂಡಮಾರುತ. ಮನೆಯ ಹೆಂಚು, ಮರ, ವಿದ್ಯುತ್ ಕಂಬಗಳಿಗೆ ಎಷ್ಟು ಅಪಾಯ ಎಂಬುದನ್ನು ಈ ದರ್ಜೆ ಸರಿಯಾಗಿಯೇ ಹೇಳುತ್ತದೆ. ಎಷ್ಟು ನೀರು ಬರಲಿದೆ ಎಂಬುದನ್ನು ಮಾತ್ರ ಹೇಳುವುದಿಲ್ಲ. 2016ರ ಡಿಸೆಂಬರ್ 12ರಂದು ಚೆನ್ನೈಗೆ ಅಪ್ಪಳಿಸಿದ ವರ್ಧಾ ಸಾವಿರಾರು ಮರಗಳನ್ನು ಬುಡಮೇಲು ಮಾಡಿತು, ಆದರೆ ಬೇಗ ದಾಟಿಹೋದದ್ದರಿಂದ ದೊಡ್ಡ ನೆರೆ ತರಲಿಲ್ಲ. ಅದಕ್ಕೆ ಒಂದು ವರ್ಷ ಮೊದಲು ನಗರವನ್ನು ಮುಳುಗಿಸಿದ ಮಳೆಗೆ ಹೆಸರೇ ಇರಲಿಲ್ಲ. ಆಗ ಕೊಲ್ಲಿಯಲ್ಲಿದ್ದದ್ದು ಬರೀ ಕಡಿಮೆ ಒತ್ತಡದ ಪಟ್ಟಿ. 2023ರ ಡಿಸೆಂಬರ್ 17-18ರಂದು ತೂತ್ತುಕುಡಿ ಜಿಲ್ಲೆಯ ಕಾಯಲ್‌ಪಟ್ಟಿನಂನಲ್ಲಿ 24 ಗಂಟೆಗಳಲ್ಲಿ ಸುಮಾರು 95 ಸೆಂ.ಮೀ. ಮಳೆ ಬಿತ್ತು. ಅಲ್ಲಿಯೂ ಚಂಡಮಾರುತ ಇರಲಿಲ್ಲ, ಮೇಲ್ಗಾಳಿಯ ಒಂದು ಸುಳಿ ಮಾತ್ರ. ಈ ತೀರದ ನೆರೆಯನ್ನು ನಿರ್ಧರಿಸುವುದು ಎರಡು ಸಂಗತಿ: ಮೋಡ ಒಂದೇ ಕಡೆ ಎಷ್ಟು ಹೊತ್ತು ನಿಲ್ಲುತ್ತದೆ, ಬಿದ್ದ ನೀರನ್ನು ಕಡಲು ಒಳಗೆ ಬಿಟ್ಟುಕೊಳ್ಳುತ್ತದೆಯೋ ಇಲ್ಲವೋ.

ಮೋಡ ನಿಲ್ಲುವುದಕ್ಕೆ ಕರಾವಳಿಯೇ ಒಂದು ಕಾರಣ. ಕಡಲ ಮೇಲೆ ತಡೆಯಿಲ್ಲದೆ ಬಂದ ಮೂಡಣ ಗಾಳಿ ನೆಲಕ್ಕೆ ತಾಗಿದೊಡನೆ ಕಟ್ಟಡ, ಮರ, ದಿಣ್ಣೆಗಳ ತಿಕ್ಕಾಟಕ್ಕೆ ಸಿಕ್ಕಿ ನಿಧಾನವಾಗುತ್ತದೆ. ಹಿಂದಿನಿಂದ ಬರುವ ಗಾಳಿ ಅದರ ಮೇಲೆ ಒತ್ತುತ್ತದೆ, ಒತ್ತಿದ ಗಾಳಿಗೆ ಮೇಲೇಳದೆ ಬೇರೆ ದಾರಿಯಿಲ್ಲ. ರಾತ್ರಿ ನೆಲ ತಣ್ಣಗಾದಾಗ ಭೂಮಿಯಿಂದ ಕಡಲಿನತ್ತ ಬೀಸುವ ತಂಗಾಳಿಯೂ ಸೇರಿಕೊಂಡು, ದಡದ ಗೆರೆಯುದ್ದಕ್ಕೂ ಮೋಡ ಏಳುತ್ತದೆ. ಹಿಂಗಾರಿನ ದೊಡ್ಡ ಮಳೆಗಳು ಇಲ್ಲಿ ಹೆಚ್ಚಾಗಿ ನಡುರಾತ್ರಿಯಿಂದ ಬೆಳಗಿನ ಜಾವದೊಳಗೆ ಸುರಿಯುವುದು ಇದರಿಂದಲೇ. ಕಡಲ ಮೇಲೆ ಒಂದರ ಹಿಂದೊಂದು ಗುಡುಗುಮೋಡ ಹುಟ್ಟಿ ಒಂದೇ ಹಾದಿಯಲ್ಲಿ ಬಂದು ಒಂದೇ ಊರಿನ ಮೇಲೆ ಕಳಚಿಕೊಳ್ಳುವುದು ಡಾಪ್ಲರ್ ರೇಡಾರ್ ಚಿತ್ರಗಳಲ್ಲಿ ಕಾಣುತ್ತದೆ. 2021ರ ಡಿಸೆಂಬರ್ 30ರಂದು ಚೆನ್ನೈ ನಗರದ ಕೆಲ ಭಾಗಗಳಲ್ಲಿ ಕೆಲವೇ ಗಂಟೆಗಳಲ್ಲಿ 20 ಸೆಂ.ಮೀ. ಆಸುಪಾಸಿನ ಮಳೆ ಬಿತ್ತು. ಮುನ್ಸೂಚನೆಯಲ್ಲಿ ಅಷ್ಟು ಮಳೆ ಇರಲಿಲ್ಲ. ಕೆಲವೇ ಕಿಲೋಮೀಟರ್ ಅಗಲದ ಇಂಥ ಮೋಡಸಾಲು ಎಲ್ಲಿ ನಿಲ್ಲುತ್ತದೆ ಎಂದು ಒಂದು ದಿನ ಮೊದಲೇ ಹೇಳುವುದು ಇವತ್ತಿಗೂ ಕಷ್ಟ.

ಇನ್ನು ಕಡಲಿನ ಮಾತು. ಚಂಡಮಾರುತದ ನಡುವೆ ವಾಯುಭಾರ ಒಂದು ಹೆಕ್ಟೊಪ್ಯಾಸ್ಕಲ್ ಇಳಿದರೆ ಕಡಲಮಟ್ಟ ಸುಮಾರು ಒಂದು ಸೆಂ.ಮೀ. ಏರುತ್ತದೆ. ಇದು ಸಣ್ಣ ಪಾಲು. ದೊಡ್ಡ ಪಾಲು ಗಾಳಿಯದು: ಅದು ನೀರನ್ನು ದಡದತ್ತ ತಳ್ಳಿ ಗುಡ್ಡೆ ಹಾಕುತ್ತದೆ. ಕಡಲು ಆಳವಿದ್ದರೆ ತಳ್ಳಿದ ನೀರು ಅಡಿಯಿಂದ ಹಿಂದಕ್ಕೆ ಹರಿದುಹೋಗುತ್ತದೆ, ಆಳವಿಲ್ಲದ ಕಡೆ ಹೋಗಲು ಜಾಗವಿಲ್ಲದೆ ಊರಿಗೆ ನುಗ್ಗುತ್ತದೆ. 1964ರ ಡಿಸೆಂಬರ್ 22-23ರ ರಾತ್ರಿ ಧನುಷ್ಕೋಡಿಯನ್ನೂ, ಅಲ್ಲಿಗೆ ಹೊರಟಿದ್ದ ಪ್ರಯಾಣಿಕರ ರೈಲನ್ನೂ ಕೊಚ್ಚಿಕೊಂಡು ಹೋದದ್ದು ಇಂಥ ಅಲೆಯುಬ್ಬರ. ಆ ಭಾಗದ ಪಾಕ್ ಕೊಲ್ಲಿ ತೀರ ಆಳ ಕಡಿಮೆಯ ಕಡಲು. ಚೆನ್ನೈ ಎದುರಿಗೆ ಕಡಲು ಬೇಗ ಆಳವಾಗುವುದರಿಂದ ಅಷ್ಟು ಎತ್ತರದ ಉಬ್ಬರ ಏಳುವುದು ವಿರಳ. ಆದರೆ ನಗರ ನಿಂತಿರುವುದೇ ಕಡಲಮಟ್ಟಕ್ಕಿಂತ ಕೆಲವೇ ಮೀಟರ್ ಎತ್ತರದ ಸಪಾಟು ನೆಲದ ಮೇಲೆ. ಅಲ್ಲಿ ಅರ್ಧ ಮೀಟರ್ ಏರಿದ ಕಡಲೂ ಊರನ್ನು ಮುಳುಗಿಸಬಲ್ಲದು, ತಾನು ಒಳಗೆ ಬಂದಲ್ಲ, ಒಳಗಿನ ನೀರನ್ನು ಹೊರಗೆ ಬಿಡದೆ.

ಚೆನ್ನೈಯ ನೀರು ಕಡಲು ಸೇರಬೇಕಾದರೆ ಕೊಸಸ್ತಲೈಯಾರು, ಕೂವಂ, ಅಡೆಯಾರು ಎಂಬ ಮೂರು ನದಿಗಳು ಮತ್ತು ದಕ್ಷಿಣದ ಕೋವಳಂ ಹಿನ್ನೀರಿನ ಮೂಲಕವೇ ಹೋಗಬೇಕು. ಕಡಲಿಗೆ ಸಮಾನಾಂತರವಾಗಿ ಬ್ರಿಟಿಷರ ಕಾಲದ ಬಕಿಂಗ್‌ಹ್ಯಾಂ ಕಾಲುವೆ ಇವನ್ನು ಹೆಣೆದಿದೆ. ದಡದುದ್ದಕ್ಕೂ ಮರಳು ವರ್ಷದ ಬಹುಭಾಗ ಉತ್ತರಕ್ಕೆ ಸರಿಯುತ್ತಿರುವುದರಿಂದ ಅಳಿವೆಗಳಲ್ಲಿ ದಿಬ್ಬ ಕಟ್ಟುತ್ತದೆ. ಬೇಸಗೆಯಲ್ಲಿ ನದಿಬಾಯಿ ಮುಚ್ಚಿಯೇ ಹೋಗುವುದುಂಟು. 2023ರ ಡಿಸೆಂಬರ್ 3-4ರಂದು ಮಿಚಾಂಗ್ ಚಂಡಮಾರುತ ಚೆನ್ನೈಯನ್ನು ಮುಟ್ಟಲೇ ಇಲ್ಲ. ದಡದಿಂದ ದೂರದಲ್ಲಿ ನಿಧಾನವಾಗಿ ಉತ್ತರಕ್ಕೆ ಸಾಗಿ, 5ರಂದು ಆಂಧ್ರದ ಬಾಪಟ್ಲ ಬಳಿ ನೆಲ ಸೇರಿತು. ಅಷ್ಟರಲ್ಲಿ ನಗರದ ಹಲವೆಡೆ ಎರಡು ದಿನಗಳಲ್ಲಿ 40 ಸೆಂ.ಮೀ.ಗೂ ಹೆಚ್ಚು ಮಳೆ ಸುರಿದಿತ್ತು, ಉಬ್ಬಿದ ಕಡಲು ನದಿಗಳನ್ನು ಹಿಂದಕ್ಕೆ ಒತ್ತಿ ಹಿಡಿದಿತ್ತು. ಮಳೆ ನಿಂತ ಮೇಲೂ ವೇಳಚೇರಿ, ಪಳ್ಳಿಕರಣೆಯ ಬೀದಿಗಳಲ್ಲಿ ನೀರು ದಿನಗಟ್ಟಲೆ ನಿಂತಿತು.

ಆ ನೀರು ಅಲ್ಲೇ ನಿಂತದ್ದು ಆಕಸ್ಮಿಕವಲ್ಲ. ಪಳ್ಳಿಕರಣೆ ದಕ್ಷಿಣ ಚೆನ್ನೈಯ ಕೆರೆಗಳ ಕೋಡಿನೀರೆಲ್ಲ ಬಂದು ಸೇರುವ ಜವುಗು. ಒಂದು ಕಾಲಕ್ಕೆ ಸುಮಾರು 50 ಚದರ ಕಿ.ಮೀ. ಹರಡಿದ್ದ ಅದರಲ್ಲಿ 2022ರಲ್ಲಿ ಜಾಗತಿಕ ಮಹತ್ವದ ಜವುಗುಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದು 12.5 ಚದರ ಕಿ.ಮೀ. ಮಾತ್ರ, ಉಳಿದ ಬಹುಪಾಲಿನಲ್ಲಿ ರಸ್ತೆ, ಕಸದ ರಾಶಿ, ಸಾಫ್ಟ್‌ವೇರ್ ಕಚೇರಿ, ಮನೆಗಳು ಎದ್ದಿವೆ. ಹಿಂದೆ ಮಳೆನೀರು ವಾರಗಟ್ಟಲೆ ತಂಗಿ ನಿಧಾನವಾಗಿ ಕಡಲಿಗಿಳಿಯುತ್ತಿದ್ದ ಜಾಗದಲ್ಲಿ ಈಗ ಜನ ಮಲಗಿರುತ್ತಾರೆ.

2015ರ ನೆರೆಯಲ್ಲಿ ಈ ಎಲ್ಲ ದೌರ್ಬಲ್ಯಗಳು ಒಟ್ಟಿಗೆ ಹೊರಬಿದ್ದವು. ಆ ನವೆಂಬರ್‌ನಲ್ಲಿ ಚೆನ್ನೈಯಲ್ಲಿ ಸುಮಾರು 105 ಸೆಂ.ಮೀ. ಮಳೆಯಾಗಿತ್ತು, ವಾಡಿಕೆಯ ಎರಡೂವರೆ ಪಟ್ಟು. ಕೆರೆಗಳು ತುಂಬಿದ್ದವು, ನೆಲ ಇನ್ನೊಂದು ಹನಿ ಹೀರುವಂತಿರಲಿಲ್ಲ. ಅಂಥ ಹೊತ್ತಿನಲ್ಲಿ ಡಿಸೆಂಬರ್ 1ರಂದು ತಾಂಬರಂನಲ್ಲಿ ಒಂದೇ ದಿನ 49 ಸೆಂ.ಮೀ. ಸುರಿಯಿತು. ಚೆಂಬರಂಬಾಕ್ಕಂ ಜಲಾಶಯದಿಂದ 29,000 ಕ್ಯುಸೆಕ್ ನೀರು ಬಿಟ್ಟರು. ಕೆಳಗಿನ ಸಣ್ಣ ಕೆರೆಗಳ ಕೋಡಿನೀರೂ ಸೇರಿ ಅಡೆಯಾರು ರಾತ್ರೋರಾತ್ರಿ ದಡ ಮೀರಿತು. ನದಿಯ ಮೇಲೆಯೇ ಚಾಚಿಕೊಂಡಿದ್ದ ವಿಮಾನ ನಿಲ್ದಾಣದ ಓಡುದಾರಿ ಮುಳುಗಿತು. 1878ರಲ್ಲಿ ಆರಂಭವಾದ ‘ದಿ ಹಿಂದೂ’ ಪತ್ರಿಕೆ ಮರುದಿನ ಚೆನ್ನೈಯಲ್ಲಿ ಅಚ್ಚಾಗಲಿಲ್ಲ. ಜಲಾಶಯದಿಂದ ಮೊದಲೇ ಸ್ವಲ್ಪಸ್ವಲ್ಪವಾಗಿ ನೀರು ಬಿಟ್ಟಿದ್ದರೆ ಎಂಬ ಪ್ರಶ್ನೆ ಎದ್ದಿತು. ಮಹಾಲೆಕ್ಕಪರಿಶೋಧಕರ ವರದಿ ಈ ನೆರೆಯನ್ನು ಮಾನವನಿರ್ಮಿತ ದುರಂತವೆಂದೇ ಕರೆಯಿತು. ಆದರೆ ಬೇಸಗೆಯಲ್ಲಿ ಕುಡಿಯುವ ನೀರಿಗೆ ಪರದಾಡುವ ಊರಿನಲ್ಲಿ, ತುಂಬಿದ ಕೆರೆಯನ್ನು ಮುನ್ಸೂಚನೆಯೊಂದನ್ನೇ ನಂಬಿ ಖಾಲಿ ಮಾಡುವ ನಿರ್ಧಾರ ಸುಲಭದ್ದಲ್ಲ.

ದಡ ದಾಟಿದ ಮೋಡ ಒಳನಾಡಿಗೂ ಬರುತ್ತದೆ. 2024ರ ನವೆಂಬರ್ 30ರಂದು ಪುದುಚೇರಿ ಬಳಿ ನೆಲ ಸೇರಿದ ಫೆಂಗಲ್, ಗಾಳಿಯ ಲೆಕ್ಕದಲ್ಲಿ ಸಾಧಾರಣ ಚಂಡಮಾರುತ. ಆದರೆ ನೆಲ ಸೇರಿದ ಮೇಲೆ ಗಂಟೆಗಟ್ಟಲೆ ಅಲ್ಲೇ ನಿಂತುಬಿಟ್ಟಿತು. ವಿಳುಪ್ಪುರಂ ಜಿಲ್ಲೆಯ ಮೈಲಂನಲ್ಲಿ 24 ಗಂಟೆಗಳಲ್ಲಿ 50 ಸೆಂ.ಮೀ. ಆಸುಪಾಸು ಮಳೆಯಾಯಿತು, ಮುಂದೆ ಸರಿದು, ಕರ್ನಾಟಕದ ಗಡಿಗೆ ಹೊಂದಿಕೊಂಡ ಕೃಷ್ಣಗಿರಿ ಜಿಲ್ಲೆಯ ಊತ್ತಂಗರೆಯಲ್ಲೂ ಅಷ್ಟೇ ಸುರಿಯಿತು. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಆ ಜಿಲ್ಲೆಯ ಮೂಲಕವೇ ಹಾದು ತೆನ್ಪೆಣ್ಣೆ ಎಂಬ ಹೆಸರಿನಲ್ಲಿ ಕಡಲೂರಿನ ಬಳಿ ಕಡಲು ಸೇರುತ್ತದೆ. ಆ ನದಿಯ ಸಾತನೂರು ಅಣೆಕಟ್ಟಿನಿಂದ ಒಂದೂವರೆ ಲಕ್ಷ ಕ್ಯುಸೆಕ್‌ಗೂ ಹೆಚ್ಚು ನೀರನ್ನು ಹೊರಬಿಡಬೇಕಾಗಿ ಬಂದು, ಕೆಳಗಿನ ಊರುಗಳು ಮಳೆ ನಿಂತ ಮೇಲೆ ಮುಳುಗಿದವು.

ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಬಂಗಾಳ ಕೊಲ್ಲಿ ಬೆಚ್ಚಗಾದಂತೆ ನಿಂತ ಮೋಡ ಸುರಿಸುವ ನೀರೂ ಹೆಚ್ಚುತ್ತದೆ, ಏರುತ್ತಿರುವ ಕಡಲಮಟ್ಟ ಅಳಿವೆಯ ಇಳಿಜಾರನ್ನು ಇನ್ನಷ್ಟು ಕಡಿಮೆ ಮಾಡುತ್ತದೆ. ಆದ್ದರಿಂದ ಇಂಥ ತೀರಕ್ಕೆ ಗಾಳಿಯ ದರ್ಜೆಯನ್ನಷ್ಟೇ ಸಾರುವ ಎಚ್ಚರಿಕೆ ಸಾಲದು. 2015ರ ನಂತರ ಚೆನ್ನೈಗಾಗಿ ರೂಪಿಸಿದ ನೆರೆ ಮುನ್ಸೂಚನಾ ವ್ಯವಸ್ಥೆ ಮಳೆಯ ಅಂದಾಜು, ನದಿ-ಕೆರೆಗಳ ಹರಿವು, ಕಡಲಿನ ಉಬ್ಬರ ಮೂರನ್ನೂ ಒಂದೇ ಲೆಕ್ಕಕ್ಕೆ ತಂದು, ಯಾವ ಬಡಾವಣೆಯಲ್ಲಿ ಎಷ್ಟು ನೀರು ನಿಲ್ಲಬಹುದು ಎಂದು ನಕ್ಷೆಯಲ್ಲಿ ತೋರಿಸುತ್ತದೆ.